ಶ್ರೀಮಂತರ ಪಕ್ಷಕ್ಕೆ ಬಡವರ ಮತ ತಂದ ಬೆಂಜಮಿನ್ ಡಿಸ್ರೇಲಿ

ಬಡವನಾದವನು ಬಡವರ ಪರವಾಗಿ ಮಾತನಾಡುವ ಪಕ್ಷಕ್ಕೇ ಮತ ನೀಡುವನೆಂಬುದು ಕಾಗದದ ಮೇಲಿನ ಲೆಕ್ಕ. ಗಿರಣಿಯ ಕೂಲಿಗಾರನು ಗಿರಣಿಯ ಒಡೆಯನ ಪಕ್ಷವನ್ನು ಗೆಲ್ಲಿಸಿದನೆಂದರೆ ಓದುಬರಹ ಬಲ್ಲ ನಾವು ಒಡನೆಯೇ ಅದು ಅಜ್ಞಾನದ ಫಲವೆಂದು ತೀರ್ಮಾನಿಸಿ ಕೈತೊಳೆದುಕೊಳ್ಳುತ್ತೇವೆ. ಆದರೆ ಮತದಾನದ ಹಕ್ಕು ಕೂಲಿಗಾರನ ಕೈಗೆ ಬಂದ ಮೊದಮೊದಲ ದೇಶಗಳಲ್ಲಿ ಒಂದಾದ ಇಂಗ್ಲೆಂಡಿನಲ್ಲಿ, ಪ್ರಭುಗಳೂ ಜಮೀನುದಾರರೂ ಪಾದ್ರಿಗಳೂ ಕೂಡಿದ್ದ ಕನ್ಸರ್ವೇಟಿವ್ ಪಕ್ಷವು ಅದೇ ಕೂಲಿಗಾರರ ಬೆಂಬಲದಿಂದ ಬೆಳೆದು ನಿಂತಿತು. ಅಜ್ಞಾನವೆಂಬ ಒಂದೇ ಮಾತು ಇದಕ್ಕೆ ಉತ್ತರವಾಗಲಾರದು. ಹೀಗಾಗುವುದು ಸಾಧ್ಯವೆಂದು ತನ್ನ ಪಕ್ಷದವರೇ ನಂಬದಿದ್ದ ಕಾಲದಲ್ಲಿ ನಂಬಿದವನು ಬೆಂಜಮಿನ್ ಡಿಸ್ರೇಲಿ. ಆತನ ಜೀವನವನ್ನು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಲ್ಲಿ ನಿರೂಪಿಸಲಾಗಿದೆ.

ಡಿಸ್ರೇಲಿಯು 1804ನೆಯ ಇಸವಿ ಡಿಸೆಂಬರ್ 21ರಂದು ಲಂಡನ್ನಿನ ಯಹೂದಿ ಮನೆತನವೊಂದರಲ್ಲಿ ಜನಿಸಿದನು. ಅಜ್ಜನು ಇಟಲಿಯಿಂದ ವಲಸೆ ಬಂದು ವ್ಯಾಪಾರದಿಂದ ಹಣ ಗಳಿಸಿದವನು. ತಂದೆ ಐಸಾಕನು ಆ ಹಣದ ನೆರಳಿನಲ್ಲಿ ಕುಳಿತು ಗ್ರಂಥ ಬರೆದವನು. ಯಹೂದಿಗಳ ದೇವಾಲಯದವರು ಐಸಾಕನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಅಧಿಕಾರಿಯನ್ನಾಗಿ ಆರಿಸಿ, ಅವನು ಒಲ್ಲೆನೆಂದಾಗ 40 ಪೌಂಡು ದಂಡ ವಿಧಿಸಿದರು. ಈ ಜಗಳ ಬೆಳೆದು ಐಸಾಕನು ಸಮಾಜವನ್ನೇ ತೊರೆದನು. 1817ರಲ್ಲಿ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದನು. ಆಗ ಬೆಂಜಮಿನ್ನನಿಗೆ 12 ವರುಷ. ಯಹೂದಿ ಮತದಲ್ಲಿಯೇ ಉಳಿದವರಿಗೆ 1858ರವರೆಗೆ ಪಾರ್ಲಿಮೆಂಟಿನಲ್ಲಿ ಕುಳ್ಳಿರುವ ಅವಕಾಶವಿರಲಿಲ್ಲ. ಆ 40 ಪೌಂಡಿನ ಜಗಳವು ನಡೆಯದೇ ಇದ್ದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಆ ಕಾಲದ ರಾಜಕಾರಣಿಗಳು ಸಾಮಾನ್ಯವಾಗಿ ಈಟನ್ ಶಾಲೆಯಿಂದ ಆಕ್ಸ್‌ಫರ್ಡಿಗೋ ಕೇಂಬ್ರಿಜ್ಜಿಗೋ ಹೋಗಿ, ಅಲ್ಲಿಂದ ನೇರವಾಗಿ ಪಾರ್ಲಿಮೆಂಟಿಗೆ ಬರುತ್ತಿದ್ದರು. ಡಿಸ್ರೇಲಿಯು ಕಾಲೇಜಿನ ಮೆಟ್ಟಿಲನ್ನೇ ತುಳಿಯಲಿಲ್ಲ. ಹದಿನೇಳರ ಹೊತ್ತಿಗೆ ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಅದು ಹಿಡಿಸಲಿಲ್ಲ. ದಕ್ಷಿಣ ಅಮೆರಿಕದ ಗಣಿಗಳ ಷೇರಿನಲ್ಲಿ ಸಾಲ ಮಾಡಿ ಹಣ ತೊಡಗಿಸಿದನು. 1825ರಲ್ಲಿ ಆ ಗುಳ್ಳೆ ಒಡೆಯಿತು. ಇಪ್ಪತ್ತೊಂದು ತುಂಬುವ ಹೊತ್ತಿಗೆ ತಲೆಯ ಮೇಲೆ ಬಂದು ಕುಳಿತ ಸಾಲವು ದಶಕಗಳ ಕಾಲ ಇಳಿಯಲಿಲ್ಲ. 1826ರಲ್ಲಿ ಬರೆದ ಮೊದಲ ಕಾದಂಬರಿಯಿಂದ ಹೆಸರು ಬಂದಿತು, ಬಯ್ಗಳವೂ ಬಂದಿತು. ಗುಂಗುರು ಕೂದಲು, ಬಣ್ಣಬಣ್ಣದ ವೇಸ್ಟ್‌ಕೋಟು, ಬೆರಳುಗಳಿಗೆ ಉಂಗುರ, ಕೊರಳಿಗೆ ಸರಪಳಿ ಎಂಬ ಈ ವೇಷದಲ್ಲಿ ಲಂಡನ್ನಿನ ಬೈಠಕ್‌ಖಾನೆಗಳಲ್ಲಿ ತಿರುಗುತ್ತಿದ್ದ ತರುಣನು ಮುಂದೆ ಇಂಗ್ಲೆಂಡಿನ ಸಂಪ್ರದಾಯಗಳ ಕಾವಲುಗಾರನಾಗುವನೆಂದು ಯಾರೂ ಎಣಿಸಿರಲಾರರು.

ಚುನಾವಣೆಗೆ ಮೊದಲು ನಿಂತದ್ದು ಸುಧಾರಣಾವಾದಿಯಾಗಿ. 1832ರಿಂದ 1835ರೊಳಗೆ ನಾಲ್ಕು ಬಾರಿ ಸೋತನು. ನಾಲ್ಕನೆಯ ಸಲ ನಿಂತಾಗ ಟೋರಿ ಎನಿಸಿದ ಕನ್ಸರ್ವೇಟಿವ್ ಪಕ್ಷದವನಾಗಿದ್ದನು. 1837ರಲ್ಲಿ ಮೇಡ್‌ಸ್ಟನ್ ಕ್ಷೇತ್ರದಿಂದ ಗೆದ್ದನು. ಪಾರ್ಲಿಮೆಂಟಿನಲ್ಲಿ ಆತನ ಮೊದಲ ಭಾಷಣವನ್ನು ಎದುರು ಪಕ್ಷದವರು ಕೂಗಿ ನಕ್ಕು ಮುಳುಗಿಸಿಬಿಟ್ಟರು. ತನ್ನ ಮಾತನ್ನು ಇವರೆಲ್ಲ ಕಿವಿಗೊಟ್ಟು ಕೇಳುವ ಕಾಲ ಬಂದೀತೆಂದು ಗಟ್ಟಿಯಾಗಿ ಸಾರಿ ಕುಳಿತನು. 1839ರಲ್ಲಿ ತನಗಿಂತ ಹನ್ನೆರಡು ವರುಷ ಹಿರಿಯಳಾದ ಮೇರಿ ಆನ್ ಎಂಬ ಸಿರಿವಂತ ವಿಧವೆಯನ್ನು ವರಿಸಿದನು. ಹಣಕ್ಕಾಗಿ ಆದ ಮದುವೆಯೆಂದು ಜನ ಆಡಿಕೊಂಡರು, ಅದು ಸುಳ್ಳೂ ಅಲ್ಲ. ಆದರೆ ಮೂವತ್ತಮೂರು ವರುಷಗಳ ಆ ದಾಂಪತ್ಯದಷ್ಟು ಒಲುಮೆಯ ದಾಂಪತ್ಯ ಆ ಕಾಲದ ರಾಜಕೀಯದಲ್ಲಿ ವಿರಳ.

ಅದೇ 1839ರಲ್ಲಿ ಚಾರ್ಟಿಸ್ಟರೆಂಬ ಕೂಲಿಗಾರರು ತಮಗೂ ಮತದ ಹಕ್ಕು ಬೇಕೆಂದು ಲಕ್ಷಾಂತರ ಸಹಿಗಳ ಮನವಿಯನ್ನು ಪಾರ್ಲಿಮೆಂಟಿಗೆ ಒಪ್ಪಿಸಿದರು. ಡಿಸ್ರೇಲಿಯು ಅವರ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ ಅವರ ಸಂಕಟವು ನಿಜವಾದುದೆಂದು ಸಭೆಯಲ್ಲಿ ಎದ್ದು ಹೇಳಿದ ಕೆಲವೇ ಮಂದಿಯಲ್ಲಿ ಅವನೊಬ್ಬನು. 1844ರಲ್ಲಿ ಉತ್ತರದ ಗಿರಣಿಯೂರುಗಳನ್ನು ಸುತ್ತಿ ಬಂದನು, ಸರಕಾರದ ವಿಚಾರಣಾ ವರದಿಗಳನ್ನು ಓದಿದನು. 1845ರಲ್ಲಿ ಹೊರಬಂದ ಆತನ ಸಿಬಿಲ್ ಎಂಬ ಕಾದಂಬರಿಯು ಸಿರಿವಂತರೂ ಬಡವರೂ ಒಂದೇ ನಾಡಿನಲ್ಲಿ ಬಾಳುವ ಎರಡು ಜನಾಂಗಗಳಂತಾಗಿರುವುದನ್ನು ತೋರಿಸಿತು. ಹೊಸ ಹಣದ ಗಿರಣಿ ಮಾಲೀಕರ ಲೆಕ್ಕಾಚಾರಕ್ಕಿಂತ ಹಳೆಯ ಪ್ರಭುಗಳ ಧರ್ಮಬುದ್ಧಿಯೇ ಬಡವನಿಗೆ ಹತ್ತಿರವೆಂಬುದು ಅದರ ಹೂರಣ. ಇದರಲ್ಲಿ ಕವಿಯ ಕಲ್ಪನೆ ಬಹಳ. ಹಳೆಯ ಪ್ರಭುಗಳ ಹೊಲಗಳಲ್ಲಿ ದುಡಿಯುವವನ ಸ್ಥಿತಿ ಗಿರಣಿಯವನಿಗಿಂತ ಉತ್ತಮವೇನೂ ಆಗಿರಲಿಲ್ಲ. ಆದರೂ ಆ ಕಲ್ಪನೆಯಲ್ಲಿ ಮುಂದಿನ ರಾಜಕೀಯದ ಬೀಜವಿತ್ತು.

1846ರಲ್ಲಿ ಪ್ರಧಾನಿ ಪೀಲನು ಧಾನ್ಯದ ಆಮದು ಸುಂಕವನ್ನು ರದ್ದುಮಾಡಿದಾಗ, ಸ್ವಪಕ್ಷದ ನಾಯಕನಾದ ಆತನ ಮೇಲೆಯೇ ಡಿಸ್ರೇಲಿಯು ಮಾತಿನ ಬಾಣಗಳನ್ನು ಸುರಿಸಿದನು. ಪಕ್ಷ ಒಡೆಯಿತು. ತಿಳಿದವರು ಬಹುತೇಕ ಪೀಲನ ಹಿಂದೆ ಹೋದರು. ಉಳಿದ ಜಮೀನುದಾರರಿಗೆ ಮಾತುಬಲ್ಲವನೊಬ್ಬನು ಬೇಕಾಗಿದ್ದನು. ಜಮೀನಿಲ್ಲದವನನ್ನು ನಾಯಕನೆನ್ನಲು ಮುಜುಗರವಾದುದರಿಂದ ಬೆಂಟಿಂಕ್ ಮನೆತನದ ಪ್ರಭುಗಳು ಸಾಲ ಕೊಟ್ಟು 1848ರಲ್ಲಿ ಅವನಿಗೆ ಹ್ಯೂಎಂಡೆನ್ ಎಂಬ ಎಸ್ಟೇಟನ್ನು ಕೊಡಿಸಿದರು. ಬಳಿಕ ಕಾಲು ಶತಮಾನಕ್ಕೂ ಮಿಕ್ಕಿ ಆ ಪಕ್ಷಕ್ಕೆ ಬಹುಮತವೆಂಬುದು ದೊರೆಯಲೇ ಇಲ್ಲ. ನಡುನಡುವೆ ಎದುರಾಳಿಗಳ ಒಡಕಿನಿಂದ ಅಲ್ಪಮತದ ಸರಕಾರ ರಚಿಸುವುದು, ಡಿಸ್ರೇಲಿಯು ಅರ್ಥಮಂತ್ರಿಯಾಗುವುದು, ಬೀಳುವುದು, ಇಷ್ಟೇ.

ಇನ್ನು 1867ಕ್ಕೆ ಬರೋಣ. ಹಿಂದಿನ ವರುಷ ಉದಾರ ಪಕ್ಷದ ಗ್ಲ್ಯಾಡ್‌ಸ್ಟನ್ನನು ಪಟ್ಟಣಗಳಲ್ಲಿ ವರುಷಕ್ಕೆ 7 ಪೌಂಡು ಬಾಡಿಗೆಯ ಮನೆಯಿದ್ದವರಿಗೆ ಮತ ಕೊಡುವ ಮಸೂದೆ ತಂದು, ತನ್ನ ಪಕ್ಷದವರಿಂದಲೇ ಸೋತಿದ್ದನು. ಕೂಲಿಗಾರರು ಲಂಡನ್ನಿನ ಹೈಡ್ ಪಾರ್ಕಿನ ಕಬ್ಬಿಣದ ಬೇಲಿಯನ್ನೇ ಕಿತ್ತು ಒಳನುಗ್ಗಿದರು. ಅಧಿಕಾರಕ್ಕೆ ಬಂದ ಡರ್ಬಿ ಮತ್ತು ಡಿಸ್ರೇಲಿಯರು ತಾವೇ ಮಸೂದೆಯನ್ನು ತಂದರು. ಚರ್ಚೆಯಲ್ಲಿ ಒಂದೊಂದೇ ತಿದ್ದುಪಡಿಯನ್ನು ಡಿಸ್ರೇಲಿಯು ಒಪ್ಪುತ್ತ ಹೋದನು. ಗ್ಲ್ಯಾಡ್‌ಸ್ಟನ್ನನ ಕೈಯಿಂದ ಬಂದುದನ್ನು ಮಾತ್ರ ಒಪ್ಪಲಿಲ್ಲ. ಕೊನೆಗೆ ಪಟ್ಟಣದಲ್ಲಿ ಮನೆ ಮಾಡಿಕೊಂಡು ಸ್ಥಳೀಯ ತೆರಿಗೆಯ ಲೆಕ್ಕಕ್ಕೆ ಸೇರಿದ ಪ್ರತಿಯೊಬ್ಬ ಗಂಡಸಿಗೂ ಮತ ಬಂದಿತು. ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಸುಮಾರು 10 ಲಕ್ಷವಿದ್ದ ಮತದಾರರು ಸುಮಾರು 20 ಲಕ್ಷವಾದರು. ಹೊಲದ ಕೂಲಿಯವನಿಗೆ 1884ರವರೆಗೆ ಕಾಯಬೇಕಾಯಿತು. ಹೆಂಗಸರ ಮಾತೇ ಬೇಡ. ಪಕ್ಷದ ಮೂವರು ಮಂತ್ರಿಗಳು ಇದು ಸರ್ವನಾಶವೆಂದು ರಾಜೀನಾಮೆ ಕೊಟ್ಟರು. ಮಸೂದೆಯು ಮುಖ್ಯವಾದ ಒಂದು ಮತಗಣನೆಯಲ್ಲಿ ಗೆದ್ದ ರಾತ್ರಿ, ಕ್ಲಬ್ಬಿನಲ್ಲಿ ಜಯಕಾರ ಮಾಡುತ್ತ ಊಟಕ್ಕೆ ಕರೆದವರನ್ನು ಬಿಟ್ಟು ಡಿಸ್ರೇಲಿಯು ಮನೆಗೆ ನಡೆದನು. ಅಲ್ಲಿ ಎಪ್ಪತ್ತೈದು ವರುಷ ಸಮೀಪಿಸಿದ್ದ ಮೇರಿ ಆನ್ ಒಳ್ಳೆಯ ಅಂಗಡಿಯಿಂದ ತರಿಸಿದ ತಿನಿಸನ್ನೂ ಒಂದು ಬಾಟಲಿ ಷಾಂಪೇನನ್ನೂ ಇಟ್ಟುಕೊಂಡು ಕಾಯುತ್ತಿದ್ದಳು.

1868ರ ಫೆಬ್ರುವರಿಯಲ್ಲಿ ಡಿಸ್ರೇಲಿಯು ಪ್ರಧಾನಿಯಾದನು. ವರುಷದ ಕೊನೆಯಲ್ಲಿ ಹೊಸ ಮತದಾರರ ಮೊದಲ ಚುನಾವಣೆ. ದೇಶದಲ್ಲಿ ಒಟ್ಟಾರೆ ಗ್ಲ್ಯಾಡ್‌ಸ್ಟನ್ನನ ಉದಾರ ಪಕ್ಷವೇ ಗೆದ್ದಿತು. ಆದರೆ ಹತ್ತಿಗಿರಣಿಗಳ ಸೀಮೆಯಾದ ಲ್ಯಾಂಕಾಷೈರಿನಲ್ಲಿ, ಅಂದರೆ ಕೂಲಿಗಾರರೇ ಕಿಕ್ಕಿರಿದಿದ್ದ ಸೀಮೆಯಲ್ಲಿ, ಬಹುಪಾಲು ಸ್ಥಾನಗಳು ಡಿಸ್ರೇಲಿಯ ಪಕ್ಷಕ್ಕೆ ಬಂದವು. ಸ್ವತಃ ಗ್ಲ್ಯಾಡ್‌ಸ್ಟನ್ನನೇ ಅಲ್ಲಿನ ತನ್ನ ಕ್ಷೇತ್ರದಲ್ಲಿ ಸೋತು, ಬೇರೊಂದು ಕಡೆಯಿಂದ ಪಾರ್ಲಿಮೆಂಟನ್ನು ಸೇರಬೇಕಾಯಿತು.

ಲ್ಯಾಂಕಾಷೈರಿನ ಕೂಲಿಗಾರನು ಹೀಗೇಕೆ ಮಾಡಿದನು? ಇಲ್ಲಿ ಸ್ವಲ್ಪ ನಿಲ್ಲಬೇಕು.

ಬ್ಲ್ಯಾಕ್‌ಬರ್ನಿನಂತಹ ಊರುಗಳಲ್ಲಿ ಗಿರಣಿಯೆಂದರೆ ಸಂಬಳದ ಸ್ಥಳ ಮಾತ್ರವಾಗಿರಲಿಲ್ಲ. ಗಿರಣಿಯ ಸುತ್ತ ಕೂಲಿಗಾರರ ಬೀದಿಗಳು. ಶಾಲೆ, ಇಗರ್ಜಿ, ಹಬ್ಬದ ಊಟ, ಪ್ರವಾಸ ಎಲ್ಲವೂ ಒಡೆಯನ ಹೆಸರಿನಲ್ಲಿ. ಆಗ ಮತದಾನವು ಬಹಿರಂಗವಾಗಿದ್ದು, ಯಾರು ಯಾರಿಗೆ ಮತವಿತ್ತರೆಂಬುದು ಅಚ್ಚಾಗುತ್ತಿತ್ತು. ಪ್ಯಾಟ್ರಿಕ್ ಜಾಯ್ಸ್ ಎಂಬ ಇತಿಹಾಸಕಾರರು ಆ ಪಟ್ಟಿಗಳನ್ನು ಬೀದಿಬೀದಿಯಾಗಿ ಪರಿಶೀಲಿಸಿದಾಗ, ಟೋರಿ ಒಡೆಯನ ಗಿರಣಿಯ ಸುತ್ತಲಿನ ಬೀದಿಗಳು ಟೋರಿಗೂ, ಉದಾರ ಪಕ್ಷದ ಒಡೆಯನ ಸುತ್ತಲಿನವು ಉದಾರ ಪಕ್ಷಕ್ಕೂ ಹೆಚ್ಚಾಗಿ ವಾಲಿದ್ದು ಕಂಡುಬಂದಿತು. ಭಯವೂ ಇದ್ದೀತು. ಆದರೆ ಭಯವೊಂದೇ ಕಾರಣವಾಗಿದ್ದರೆ 1872ರಲ್ಲಿ ಗುಪ್ತ ಮತದಾನ ಬಂದೊಡನೆ ಎಲ್ಲವೂ ತಲೆಕೆಳಗಾಗಬೇಕಿತ್ತು. 1874ರ ಚುನಾವಣೆಯಲ್ಲಿ, ಯಾರೂ ನೋಡದಾಗಲೂ, ಲ್ಯಾಂಕಾಷೈರು ಡಿಸ್ರೇಲಿಯ ಕೈಬಿಡಲಿಲ್ಲ. ಒಂದೇ ಧಣಿಯ ಬಳಿ ಹತ್ತಾರು ವರುಷ ದುಡಿದವನಿಗೆ ಆ ಧಣಿಯ ಹೆಸರಿನಲ್ಲಿ ತನ್ನದೂ ಒಂದು ಪಾಲಿದೆಯೆಂಬ ಅಭಿಮಾನ ಹುಟ್ಟುತ್ತದೆ. ನಮ್ಮ ಹೋಟೆಲುಗಳಲ್ಲಿ ಇದನ್ನು ಕಾಣದವರಾರು?

ಎರಡನೆಯದು ಐರಿಷರ ವಿಷಯ. 1840ರ ದಶಕದ ಕ್ಷಾಮದಿಂದ ಓಡಿಬಂದ ಐರಿಷ್ ಬಡವರು ಲ್ಯಾಂಕಾಷೈರಿನಲ್ಲಿ ತುಂಬಿಕೊಂಡಿದ್ದರು. ಅವರು ಕ್ಯಾಥೊಲಿಕರು, ಕಡಿಮೆ ಕೂಲಿಗೆ ದುಡಿಯುವವರು. ಗ್ಲ್ಯಾಡ್‌ಸ್ಟನ್ನನು ಐರ್ಲೆಂಡಿನಲ್ಲಿ ಪ್ರಾಟೆಸ್ಟಂಟ್ ಚರ್ಚಿಗಿದ್ದ ರಾಜಮನ್ನಣೆಯನ್ನು ತೆಗೆಯುವೆನೆಂದಾಗ, ಇಂಗ್ಲಿಷ್ ಕೂಲಿಗಾರನಿಗೆ ಅದು ತನ್ನ ನೆರೆಯ ಐರಿಷನಿಗೆ ಕೊಟ್ಟ ಬೆಂಬಲದಂತೆ ಕಂಡಿತು. ಮೇಲಿದ್ದ ಒಡೆಯನಿಗಿಂತ ಪಕ್ಕದಲ್ಲಿದ್ದ ಬಡವನೇ ಅವನಿಗೆ ಹತ್ತಿರದ ಎದುರಾಳಿ. ಪರವೂರಿಗೆ ಹೊಟ್ಟೆಪಾಡಿಗೆಂದು ಬಂದಿರುವ ನಮಗೆ ಈ ಮಾತು ಇನ್ನಷ್ಟು ವಿವರಿಸದೆಯೂ ತಿಳಿಯುತ್ತದೆ. ಇಂತಹ ದ್ವೇಷವನ್ನು ಡಿಸ್ರೇಲಿಯು ಹುಟ್ಟುಹಾಕಲಿಲ್ಲ; ಆದರೆ ಅದರ ಫಲವನ್ನು ಬೇಡವೆನ್ನಲೂ ಇಲ್ಲ. ತಾನೇ ವಲಸೆ ಬಂದವನ ಮೊಮ್ಮಗ, ಜೀವಮಾನವೆಲ್ಲ ಯಹೂದಿಯೆಂಬ ಹೀಯಾಳಿಕೆ ಕೇಳಿದವನು.

ಮೂರನೆಯದು, ಉದಾರ ಪಕ್ಷದವರೇ ಕೊಟ್ಟ ಕಾರಣಗಳು. 1871ರಲ್ಲಿ ಅವರು ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟರು. ಅದೇ ವರುಷ ಇನ್ನೊಂದು ಕಾನೂನಿನಿಂದ, ಮುಷ್ಕರದ ವೇಳೆ ಗಿರಣಿಯ ಬಾಗಿಲಲ್ಲಿ ನಿಂತು ಜೊತೆಗಾರನನ್ನು ಒಲಿಸಿಕೊಳ್ಳುವುದನ್ನು ಅಪರಾಧವನ್ನಾಗಿಸಿದರು. 1872ರಲ್ಲಿ ಬಿಯರಿನ ಅಂಗಡಿಗಳ ಹೊತ್ತಿಗೆ ಕಟ್ಟುಪಾಡು ಹಾಕಿದರು. ಕುಡಿತವು ಕೆಟ್ಟದ್ದೆಂಬುದರಲ್ಲಿ ಈ ಪತ್ರಿಕೆಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಹೋಟೆಲಿನ ಗಲ್ಲಾದಲ್ಲಿ ಕುಳಿತು ಜನರನ್ನು ನೋಡಿದವನಾಗಿ ಒಂದು ಮಾತು ಹೇಳಬಲ್ಲೆನು. ದಿನವಿಡೀ ದುಡಿದವನಿಗೆ ಮನೆಯೆಂಬ ಒಂದೇ ಕೋಣೆಯ ಇಕ್ಕಟ್ಟಿನಿಂದ ಹೊರಬಂದು, ದೀಪದ ಬೆಳಕಿನಲ್ಲಿ ನಾಲ್ವರೊಡನೆ ಕುಳಿತುಕೊಳ್ಳುವ ಅರ್ಧ ಗಂಟೆಯು ಸಣ್ಣ ವಸ್ತುವಲ್ಲ. ಅವನ ಲೋಟವನ್ನು ಕಸಿದು ಅವನಿಗೆ ನೀತಿ ಬೋಧಿಸುವವರು ಸಾಮಾನ್ಯವಾಗಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ದ್ರಾಕ್ಷಾರಸ ಇಟ್ಟುಕೊಂಡವರೇ ಆಗಿರುತ್ತಾರೆ. ಬಡವನಿಗೆ ಅದು ಕಾಣುತ್ತದೆ. ಬಿಯರಿನ ಅಂಗಡಿಯವರು ಸಾರಾಸಗಟಾಗಿ ಡಿಸ್ರೇಲಿಯ ಪಕ್ಷಕ್ಕೆ ತಿರುಗಿದರು. ಅಂಗಡಿಯ ಕಟ್ಟೆಯೇ ಪ್ರಚಾರದ ವೇದಿಕೆಯಾಯಿತು. ಪಕ್ಷವು ಊರೂರಲ್ಲಿ ಕೂಲಿಗಾರರ ಕ್ಲಬ್ಬುಗಳನ್ನು ತೆರೆಯಿತು. ಒಬ್ಬನು ತಿದ್ದಲು ಬಂದನು, ಇನ್ನೊಬ್ಬನು ಜೊತೆಗೆ ಕುಳಿತನು. ಕುಳಿತವನಿಗೆ ಮತ ಹೋಯಿತು.

1872ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೂರು ಗಂಟೆಗೂ ಮಿಕ್ಕಿ, ಬಳಿಕ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಡಿಸ್ರೇಲಿಯು ಮಾತನಾಡಿದನು. ಹಳೆಯ ಸಂಸ್ಥೆಗಳ ರಕ್ಷಣೆ, ಸಾಮ್ರಾಜ್ಯದ ಘನತೆ, ಜನಸಾಮಾನ್ಯರ ಆರೋಗ್ಯ ಎಂಬ ಮೂರನ್ನು ಒಂದೇ ದಾರಕ್ಕೆ ಪೋಣಿಸಿದನು. ಆ ವರುಷದ ಕೊನೆಗೆ ಮೇರಿ ಆನ್ ತೀರಿಕೊಂಡಳು. 1874ರಲ್ಲಿ ಆತನ ಪಕ್ಷಕ್ಕೆ 1841ರ ಬಳಿಕ ಮೊದಲ ಬಾರಿ ಬಹುಮತ ದೊರೆಯಿತು. ಆಗ ಆತನಿಗೆ ಅರವತ್ತೊಂಬತ್ತು.

ಕೊಟ್ಟ ಮಾತಿನಲ್ಲಿ ಎಷ್ಟನ್ನು ನಡೆಸಿದನು? ಗೃಹಮಂತ್ರಿಯನ್ನಾಗಿ ಆರಿಸಿದ್ದು ರಿಚರ್ಡ್ ಕ್ರಾಸನನ್ನು. 1868ರಲ್ಲಿ ಲ್ಯಾಂಕಾಷೈರಿನಲ್ಲಿ ಗ್ಲ್ಯಾಡ್‌ಸ್ಟನ್ನನನ್ನು ಸೋಲಿಸಿದವನು ಇವನೇ. ಬಟ್ಟೆ ಗಿರಣಿಗಳ ದುಡಿಮೆಯು 1874ರಲ್ಲಿ ವಾರಕ್ಕೆ ಐವತ್ತಾರೂವರೆ ಗಂಟೆಗೆ ಇಳಿಯಿತು. 1875ರಲ್ಲಿ ಸಾರ್ವಜನಿಕ ಆರೋಗ್ಯದ ಕಾನೂನು, ಹೊಲಸು ಕೇರಿಗಳನ್ನು ಕೆಡವಿ ಮನೆ ಕಟ್ಟಿಸುವ ಕಾನೂನು, ಆಹಾರದ ಕಲಬೆರಕೆಯನ್ನು ತಡೆಯುವ ಕಾನೂನು ಬಂದವು. ಮನೆಯ ಕಾನೂನಿನಲ್ಲಿ ಕಡ್ಡಾಯವಿರಲಿಲ್ಲ. ಪುರಸಭೆಗಳು ಇಷ್ಟವಿದ್ದರೆ ಮಾಡಬಹುದು, ಹೆಚ್ಚಿನವು ಮಾಡಲಿಲ್ಲ. ಎಲ್ಲಕ್ಕಿಂತ ತೂಕದ್ದು ಕೂಲಿಯ ಒಪ್ಪಂದದ ಕಾನೂನು. ಅದುವರೆಗೆ ಧಣಿಯು ಮಾತು ತಪ್ಪಿದರೆ ಅದು ಬರಿಯ ಹಣದ ವ್ಯಾಜ್ಯ. ಆಳು ಹೇಳದೆ ಕೆಲಸ ಬಿಟ್ಟರೆ ಜೈಲು. 1875ರಲ್ಲಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರು. ಕಾನೂನಿನ ಹೆಸರಿನಲ್ಲಿಯೇ ಧಣಿ-ಆಳು ಎಂಬುದು ಹೋಗಿ ಮಾಲೀಕ-ಕೆಲಸಗಾರ ಎಂದಾಯಿತು. ಶಾಂತಿಯುತವಾದ ಪಿಕೆಟಿಂಗಿಗೂ ಅನುಮತಿ ದೊರೆಯಿತು. ಗಣಿ ಕೆಲಸಗಾರರ ನಾಯಕನಾಗಿ ಪಾರ್ಲಿಮೆಂಟಿಗೆ ಬಂದಿದ್ದ ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡನು, ತಾನು ಎದುರು ಪಾಳೆಯದವನಾಗಿದ್ದರೂ, ಉದಾರ ಪಕ್ಷವು ಐವತ್ತು ವರುಷಗಳಲ್ಲಿ ಮಾಡಿದ್ದಕ್ಕಿಂತ ಹೆಚ್ಚನ್ನು ಇವರು ಐದು ವರುಷಗಳಲ್ಲಿ ಮಾಡಿದರೆಂದು 1879ರಲ್ಲಿ ಒಪ್ಪಿಕೊಂಡನು. ಹೀಗಿರುವಾಗ ಡಿಸ್ರೇಲಿಗೆ ಮತವಿತ್ತ ಕೂಲಿಗಾರನನ್ನು ಮೂಢನೆನ್ನುವುದು ನ್ಯಾಯವಲ್ಲ.

ಆದರೆ ಆತನು ಕಾನೂನುಗಳಿಗಿಂತ ಹೆಚ್ಚಾಗಿ ಹಂಚಿದ್ದು ಗೌರವದ ಭಾವನೆಯನ್ನು. 1875ರ ನವೆಂಬರಿನಲ್ಲಿ ರಾತ್ಸ್‌ಚೈಲ್ಡ್ ಸಾಹುಕಾರರಿಂದ 40 ಲಕ್ಷ ಪೌಂಡು ಸಾಲ ಪಡೆದು ಸೂಯೆಜ್ ಕಾಲುವೆಯ ಷೇರುಗಳನ್ನು ಕೊಂಡನು. 1876ರಲ್ಲಿ ವಿಕ್ಟೋರಿಯಾ ರಾಣಿಗೆ ಭಾರತದ ಚಕ್ರವರ್ತಿನಿಯೆಂಬ ಬಿರುದನ್ನು ಪಾರ್ಲಿಮೆಂಟಿನಿಂದ ಕೊಡಿಸಿದನು. ತಾನು ಬೀಕನ್ಸ್‌ಫೀಲ್ಡಿನ ಪ್ರಭುವಾದನು. ಹೊಗೆ ಕವಿದ ಊರಿನಲ್ಲಿ ಬಾಡಿಗೆಯ ಮನೆಯಲ್ಲಿದ್ದ ಕೂಲಿಗಾರನು ಅರ್ಧ ಜಗತ್ತಿನ ಒಡೆತನದಲ್ಲಿ ತಾನೂ ಪಾಲುದಾರನೆಂದು ಎದೆಯುಬ್ಬಿಸಿದನು. ಈ ಹೆಮ್ಮೆಗೆ ಖಜಾನೆಯಿಂದ ಖರ್ಚಿಲ್ಲ.

ಖರ್ಚು ಬಿದ್ದದ್ದು ಬೇರೆಯವರ ಮೇಲೆ. ಆ ಬಿರುದನ್ನು ಸಾರಲು 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ನನು ದಿಲ್ಲಿಯಲ್ಲಿ ದರ್ಬಾರು ನಡೆಸುತ್ತಿದ್ದಾಗ, ನಮ್ಮ ನಾಡು ಧಾತು, ಈಶ್ವರ ಸಂವತ್ಸರಗಳ ಮಹಾ ಬರದಲ್ಲಿ ಬೇಯುತ್ತಿತ್ತು. ಮೈಸೂರು ಸೀಮೆ, ಬಳ್ಳಾರಿ, ಧಾರವಾಡ, ಕಲಾದಗಿಗಳಲ್ಲಿ ಜನ ರಸ್ತೆಯ ಬದಿಗಳಲ್ಲಿ ಸಾಯುತ್ತಿದ್ದರು. ಮದರಾಸು ಸರಕಾರದ ಪರಿಹಾರ ಕಾಮಗಾರಿಗಳಲ್ಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಅತ್ಯಲ್ಪ ಕಾಸು ಕೊಟ್ಟು ದುಡಿಸಿಕೊಂಡರು. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಲ್ಯಾಂಕಾಷೈರಿನ ಮಗ್ಗಗಳಿಗೆ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿ ಹೋಗಿತ್ತು; ಅಲ್ಲಿನ ಬಟ್ಟೆ ನಮ್ಮ ಪೇಟೆಗಳಿಗೆ ಬರುತ್ತಿತ್ತು. ಆ ಬಟ್ಟೆಗೆ ಇಲ್ಲಿದ್ದ ಆಮದು ಸುಂಕವು ಮುಂಬಯಿಯ ಹೊಸ ಗಿರಣಿಗಳಿಗೆ ಆಸರೆಯೆಂದು ಲ್ಯಾಂಕಾಷೈರು ದೂರಿತು. ಅಲ್ಲಿನ ಒಡೆಯನೂ ಕೂಲಿಗಾರನೂ ಈ ಒಂದು ವಿಷಯದಲ್ಲಿ ಒಂದೇ ಮಾತು. 1879ರಲ್ಲಿ ಲಿಟ್ಟನ್ನನು ತನ್ನ ಸಲಹಾ ಮಂಡಲಿಯ ಬಹುಮತವನ್ನೂ ಲೆಕ್ಕಿಸದೆ ಒರಟು ಬಟ್ಟೆಯ ಸುಂಕವನ್ನು ತೆಗೆದುಹಾಕಿದನು. ಇಂಗ್ಲೆಂಡಿನ ಬಡವನ ಮತಕ್ಕೆ ಬೆಲೆ ಬಂದಿತ್ತು. ಮತವೇ ಇಲ್ಲದ ಬಡವನು ಅದನ್ನು ತೆತ್ತನು. ಡಿಸ್ರೇಲಿಯ ಚರಿತ್ರೆಯನ್ನು ಬರೆಯುವ ಇಂಗ್ಲಿಷರು ಈ ಪುಟವನ್ನು ಸಾಮಾನ್ಯವಾಗಿ ಬೇಗ ಮಗುಚುತ್ತಾರೆ.

1878ರಲ್ಲಿ ಬರ್ಲಿನ್ ಸಮ್ಮೇಳನದಿಂದ ಡಿಸ್ರೇಲಿಯು ವಿಜಯಿಯಂತೆ ಮರಳಿದನು. ರಷ್ಯಾದ ಮೇಲೆ ಯುದ್ಧ ಬೇಕೆನ್ನುವ ಹಾಡನ್ನು ಆ ವರುಷ ಲಂಡನ್ನಿನ ಸಂಗೀತ ಮಂದಿರಗಳಲ್ಲಿ ಜನಸಾಮಾನ್ಯರು ಕುಣಿದು ಹಾಡಿದ್ದರು. ಆದರೆ ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ. ವ್ಯಾಪಾರ ಕುಸಿಯಿತು, ಕೆಲಸ ತಪ್ಪಿತು, 1879ರ ಮಳೆಗೆ ಇಂಗ್ಲೆಂಡಿನ ಬೆಳೆ ಕೆಟ್ಟಿತು, ಅಫಘಾನಿಸ್ತಾನ ಹಾಗೂ ಜೂಲೂಲ್ಯಾಂಡಿನ ಯುದ್ಧಗಳು ದುಬಾರಿಯಾದವು. 1880ರಲ್ಲಿ ಮತದಾರರು ಆತನನ್ನು ಇಳಿಸಿ ಗ್ಲ್ಯಾಡ್‌ಸ್ಟನ್ನನನ್ನು ಕೂರಿಸಿದರು. ಲ್ಯಾಂಕಾಷೈರಿನಲ್ಲಿಯೂ ಆತನ ಪಕ್ಷ ಸ್ಥಾನಗಳನ್ನು ಕಳೆದುಕೊಂಡಿತು. ಧಣಿಯ ಮೇಲಿನ ಅಭಿಮಾನ, ಐರಿಷರ ಮೇಲಿನ ಸಿಟ್ಟು, ಬಿಯರು ಎಲ್ಲವೂ ಹಾಗೆಯೇ ಇದ್ದವು. ಸಂಬಳ ಮಾತ್ರ ಇರಲಿಲ್ಲ. ಬಹುಕಾಲದ ಬಳಿಕ, 1968ರಲ್ಲಿ, ಮೆಕೆಂಜಿ ಮತ್ತು ಸಿಲ್ವರ್ ಎಂಬ ಇಬ್ಬರು ವಿದ್ವಾಂಸರು ಕನ್ಸರ್ವೇಟಿವರಿಗೆ ಮತ ನೀಡುವ ಕೂಲಿಗಾರರ ವಿಷಯದಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆಳುವುದಕ್ಕೆಂದೇ ಹುಟ್ಟಿ ಬೆಳೆದವರು ಆಳಲಿ ಎಂಬವರು ಒಂದು ಬಗೆ, ಯಾರು ಕೆಲಸ ಮಾಡಿ ತೋರಿಸುವರೋ ಅವರಿಗೆ ಮತ ಎಂಬವರು ಇನ್ನೊಂದು ಬಗೆಯೆಂದು ಅವರು ಕಂಡುಕೊಂಡರು. 1874ರಲ್ಲಿ ಎರಡು ಬಗೆಯವರೂ ಡಿಸ್ರೇಲಿಯ ಕಡೆಗಿದ್ದರು. 1880ರಲ್ಲಿ ಎರಡನೆಯವರು ಎದ್ದುಹೋದರೆಂದು ನನ್ನ ಎಣಿಕೆ.

ಡಿಸ್ರೇಲಿಯು 1881ರ ಏಪ್ರಿಲ್ 19ರಂದು ಲಂಡನ್ನಿನಲ್ಲಿ ಕಾಲವಾದನು. ಆತನ ಇಚ್ಛೆಯಂತೆ ಹ್ಯೂಎಂಡೆನ್ನಿನ ಇಗರ್ಜಿಯ ಬಳಿ ಪತ್ನಿಯ ಪಕ್ಕದಲ್ಲಿ ಮಣ್ಣುಮಾಡಿದರು. ರಾಣಿಯು ಪ್ರಿಮ್‌ರೋಸ್ ಎಂಬ ಹಳದಿ ಕಾಡುಹೂವುಗಳ ಮಾಲೆಯನ್ನು ಕಳುಹಿಸಿದಳು. 1883ರಲ್ಲಿ ಆತನ ಅನುಯಾಯಿಗಳು ಆ ಹೂವಿನ ಹೆಸರಿನಲ್ಲಿಯೇ ಒಂದು ಸಂಘವನ್ನು ಕಟ್ಟಿ, ಕೆಲವೇ ಪೆನ್ನಿಗಳ ಚಂದಾ ಕೊಟ್ಟ ಕೂಲಿಗಾರನಿಗೂ ಅವನ ಹೆಂಡತಿಗೂ ಬಾಗಿಲು ತೆರೆದರು. ಪ್ರಭುಗಳ ತೋಟದಲ್ಲಿ ಚಹಾ ಕೂಟ, ಆಟಪಾಟ, ಎದೆಗೆ ಪದಕ, ಪರದೆಯ ಮೇಲೆ ಸಾಮ್ರಾಜ್ಯದ ಚಿತ್ರಗಳು. 1891ರ ಹೊತ್ತಿಗೆ 10 ಲಕ್ಷ ಸದಸ್ಯರಿರುವರೆಂದು ಸಂಘವು ಹೇಳಿಕೊಂಡಿತು. ಏಪ್ರಿಲ್ 19 ಬಂದರೆ ಇಂಗ್ಲೆಂಡಿನ ಊರುಗಳಲ್ಲಿ ಜನರು ಆ ಹಳದಿ ಹೂವನ್ನು ಕೋಟಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಆ ಸಂಘವನ್ನು ವಿಸರ್ಜಿಸಿದ್ದು 2004ರಲ್ಲಿ. ಪೆಟ್ಟಿಗೆಯಲ್ಲಿ ಉಳಿದಿದ್ದ ಹಣವು ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು.